ಕಾಲಿನ ಗಡ್ಡೆ ತೆಗೆದಾಯಿತು, ಎದೆ ನೋಡುವವರು ಯಾರು?

ಮಾನ್ಯ ಸಂಪಾದಕರೇ,

ಕೃತಕ ಕಾಲು ಕಟ್ಟಿಕೊಂಡು ಕೆನಡಾ ದೇಶವನ್ನು ಓಡಿ ದಾಟಲು ಹೊರಟ ಟೆರ್ರಿ ಫಾಕ್ಸ್ ಕುರಿತು ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಮಕ್ಕಳಿಗೆ ಓದಿಸಬೇಕಾದ ಲೇಖನವೇ, ಅನುಮಾನವಿಲ್ಲ. ಆದರೆ ತಲೆಬರಹದಲ್ಲಿ ‘ಕ್ಯಾನ್ಸರ್ ಗೆದ್ದವ’ ಎಂದು ದಪ್ಪಕ್ಷರದಲ್ಲಿ ಹಾಕಿ, ಆತನ ಓಟ ಅರ್ಧಕ್ಕೇ ನಿಂತದ್ದೇಕೆ ಎಂಬುದನ್ನು ‘ಅನಾರೋಗ್ಯದ ಕಾರಣ’ ಎಂದು ಮುಗಿಸಿಬಿಟ್ಟಿದ್ದೀರಿ. ಆ ಲೇಖನದಲ್ಲಿ ನಮ್ಮ ರೋಗಿಗಳಿಗೆ ಮುಖ್ಯವಾಗಿ ಗೊತ್ತಾಗಬೇಕಿದ್ದುದು ಆ ಕಾರಣವೇ.

ಫಾಕ್ಸ್‌ಗೆ 18 ವರ್ಷವಿದ್ದಾಗ, 1977ರಲ್ಲಿ, ಎಲುಬಿನ ಕ್ಯಾನ್ಸರಿಗಾಗಿ ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು. ಕಿಮೊಥೆರಪಿಯೂ ಆಯಿತು. 1980ರ ಏಪ್ರಿಲ್ 12ರಂದು ಅಟ್ಲಾಂಟಿಕ್ ತೀರದ ಸೇಂಟ್ ಜಾನ್ಸ್‌ನಿಂದ ಹೊರಟವನು 143 ದಿನಗಳಲ್ಲಿ 5,373 ಕಿ.ಮೀ. ಓಡಿದ. ಸೆಪ್ಟೆಂಬರ್ 1ರಂದು ಥಂಡರ್ ಬೇ ಊರಿನ ಹತ್ತಿರ ಕೆಮ್ಮು, ಎದೆನೋವು ತಡೆಯಲಾಗದೆ ನಿಂತ. ಕಾಲು ಕಳೆದುಕೊಂಡು ಮೂರು ವರ್ಷ ದಾಟಿದ ಮೇಲೆ ಅದೇ ಕ್ಯಾನ್ಸರ್ ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತ್ತು. 1981ರ ಜೂನ್ 28ರಂದು ತೀರಿಕೊಂಡಾಗ ಅವನಿಗೆ 22 ವರ್ಷ.

ನಾನು ವೈದ್ಯನಲ್ಲ. ಬೇರೆ ಬೇರೆ ತಾಲ್ಲೂಕು ಆಸ್ಪತ್ರೆಗಳ ಕತ್ತಲೆ ಕೋಣೆಯಲ್ಲಿ ಎಕ್ಸ್‌ರೇ ತೆಗೆದು ನಿವೃತ್ತನಾದವನು. ಅಲ್ಲಿ ಕಂಡದ್ದನ್ನೇ ಬರೆಯುತ್ತಿದ್ದೇನೆ.

ಎಲುಬು, ಸ್ನಾಯು, ಕೊಬ್ಬು ಇಂಥವುಗಳಲ್ಲಿ ಹುಟ್ಟುವ ಕ್ಯಾನ್ಸರಿಗೆ ಸಾರ್ಕೋಮಾ ಎನ್ನುತ್ತಾರೆ. ಎಲುಬಿನದ್ದು ಹೆಚ್ಚಾಗಿ ಬರುವುದು ಬೆಳೆಯುವ ವಯಸ್ಸಿನ ಹುಡುಗ ಹುಡುಗಿಯರಿಗೆ, ಅದರಲ್ಲೂ ಮೊಣಕಾಲಿನ ಆಚೀಚೆ. ಆಟದಲ್ಲಿ ಬಿದ್ದ ಪೆಟ್ಟೆಂದು ಎಣ್ಣೆ ನೀವಿಸಿ, ಬಿದಿರಿನ ಕಟ್ಟು ಹಾಕಿಸಿ ತಿಂಗಳುಗಟ್ಟಲೆ ಕಳೆದು ಬರುತ್ತಾರೆ. ಈ ಜಾತಿಯ ಗಡ್ಡೆ ಹರಡುವುದು ಹೆಚ್ಚಾಗಿ ರಕ್ತದ ದಾರಿಯಲ್ಲಿ. ಕೈಕಾಲಿನ ರಕ್ತ ಹೃದಯದ ಬಲಭಾಗಕ್ಕೆ ಹೋಗಿ ಅಲ್ಲಿಂದ ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಗಡ್ಡೆಯಿಂದ ಕಳಚಿಕೊಂಡ ಕಣಕ್ಕೆ ಎದುರಾಗುವ ಮೊದಲ ಜರಡಿ ಅದೇ. 1970ರ ದಶಕಕ್ಕೆ ಮುಂಚೆ ಕಾಲು ಕತ್ತರಿಸುವುದೊಂದೇ ಚಿಕಿತ್ಸೆಯಾಗಿದ್ದಾಗ, ಎಲುಬಿನ ಸಾರ್ಕೋಮಾದ ಐವರಲ್ಲಿ ನಾಲ್ವರು ಉಳಿಯುತ್ತಿರಲಿಲ್ಲ. ಗರಗಸ ಕಾಲಿಗೆ ತಾಗುವ ಮೊದಲೇ ಕಣ್ಣಿಗೆ ಕಾಣದ ಬೀಜ ಎದೆ ಸೇರಿರುತ್ತಿತ್ತು. ಕಿಮೊಥೆರಪಿ ಬಂದ ಮೇಲೆ, ಮೊದಲ ತಪಾಸಣೆಯಲ್ಲಿ ಹರಡಿದ್ದು ಕಾಣದವರ ಪೈಕಿ ಮೂವರಲ್ಲಿ ಇಬ್ಬರಷ್ಟು ಬದುಕುತ್ತಿದ್ದಾರೆ. ಉಳಿದವರಲ್ಲಿ ಕಾಯಿಲೆ ಮರಳಿ ಬಂದರೆ ಬಹುತೇಕ ಬರುವುದು ಎದೆಗೇ.

ಒಬ್ಬ ಹುಡುಗನನ್ನು ನೆನೆಯುತ್ತೇನೆ. ಇಪ್ಪತ್ತರ ಆಸುಪಾಸು, ಗೋವಿನಜೋಳದ ಹೊಲದಲ್ಲಿ ಕೂಲಿ ಮಾಡುವವರ ಮಗ. ಎದೆಯ ಎಕ್ಸ್‌ರೇಗೆಂದು ಚೀಟಿ ಹಿಡಿದು ಬಂದ. ಚೀಟಿಯಲ್ಲಿ ಇದ್ದುದು ‘ಕೆಮ್ಮು, ಕ್ಷಯದ ಶಂಕೆ’ ಎಂದಷ್ಟೇ. ಊರುಗೋಲನ್ನು ಗೋಡೆಗೆ ಒರಗಿಸಿ, ಸ್ಟ್ಯಾಂಡನ್ನು ತಬ್ಬಿಕೊಂಡು ಒಂಟಿ ಕಾಲಿನಲ್ಲಿ ನಿಂತ. ಕಾಲಿಗೇನಾಯಿತು ಎಂದು ಕೇಳಿದೆ. ‘ಗಡ್ಡೆ ಆಗಿತ್ತು ಸರ್, ಬೆಂಗಳೂರಿನಲ್ಲಿ ತೆಗೆದರು, ಈಗ ಪೂರಾ ವಾಸಿ’ ಎಂದ. ಫಿಲ್ಮ್ ತೊಳೆದು ಬೆಳಕಿಗೆ ಹಿಡಿದರೆ ಎರಡೂ ಕಡೆ, ಪಕ್ಕೆಲುಬಿನ ಅಂಚಿಗೆ, ಕೆಳಭಾಗದಲ್ಲಿ ಉರುಟಾದ ಬಿಳಿ ನೆರಳುಗಳು. ಕ್ಷಯದ ಮಬ್ಬು ಸಾಮಾನ್ಯವಾಗಿ ಮೇಲ್ಭಾಗ ಹಿಡಿದು, ಹೀಗೆ ಗೆರೆ ಎಳೆದಂತೆ ಅಂಚು ತೋರಿಸುವುದಿಲ್ಲ. ವರದಿ ಬರೆಯುವ ಅಧಿಕಾರ ನನಗಿಲ್ಲ. ‘ಕಾಲಿನ ಗಡ್ಡೆಗೆ ಆಪರೇಷನ್ ಆಗಿದೆ’ ಎಂದು ಬರೆದು ಫಿಲ್ಮಿಗೆ ಪಿನ್ ಹಾಕಿ ಡಾಕ್ಟರಿಗೆ ಕಳಿಸಿದೆ. ಕಫದಲ್ಲಿ ಏನೂ ಸಿಗದಿದ್ದರೂ ಅಷ್ಟರಲ್ಲಿ ಅವನು ಕ್ಷಯದ ಮಾತ್ರೆಗಳನ್ನು ವಾರಗಟ್ಟಲೆ ನುಂಗಿದ್ದ. ಊರುಗೋಲು ಹಿಡಿದು ಒಳಗೆ ಬಂದವನನ್ನು ಅದೇಕೆ ಎಂದು ಕೇಳಲು ಯಾರಿಗೂ ಪುರಸೊತ್ತಾಗಿರಲಿಲ್ಲ.

ಅವನು ದೊಡ್ಡಾಸ್ಪತ್ರೆಗೆ ಮತ್ತೆ ಯಾಕೆ ಹೋಗಿರಲಿಲ್ಲ ಎನ್ನುತ್ತೀರಾ? ಮೂರು ತಿಂಗಳಿಗೊಮ್ಮೆ ಬಾ ಎಂದಿದ್ದರಂತೆ. ರಾತ್ರಿ ಬಸ್ಸು, ಜೊತೆಗೆ ಒಬ್ಬರು, ಇಬ್ಬರ ಕೂಲಿ ಹೋಯಿತು, ಅಲ್ಲಿ ಟೋಕನ್ನಿಗೆ ಸಾಲು, ಸಿ.ಟಿ. ಸ್ಕ್ಯಾನಿಗೆ ಇನ್ನೊಂದು ದಿನ. ಗಾಯ ಮಾಯ್ದಿದೆ, ನೋವಿಲ್ಲ, ಊಟ ಸೇರುತ್ತಿದೆ, ಯಾಕೆ ಹೋಗಬೇಕು? ಶ್ವಾಸಕೋಶದ ಅಂಚಿನಲ್ಲಿ ಕೂತ ಸಣ್ಣ ಗಂಟು ಕೆಮ್ಮಿಸುವುದಿಲ್ಲ, ನೋಯಿಸುವುದಿಲ್ಲ. ಕೆಮ್ಮು ಶುರುವಾಗುವ ಹೊತ್ತಿಗೆ ಬಹಳ ಸಲ ಹೊತ್ತು ಮೀರಿರುತ್ತದೆ. ಗಂಟುಗಳು ಕೆಲವೇ ಇದ್ದಾಗ ಸಿಕ್ಕರೆ ಎದೆ ತೆರೆದು ತೆಗೆಯಬಹುದು. ಹಾಗೆ ಪೂರ್ತಿ ತೆಗೆಸಿಕೊಂಡವರಲ್ಲಿ ಮೂರನೇ ಒಂದು ಪಾಲಿನಷ್ಟು ಜನ ಐದು ವರ್ಷ ದಾಟುತ್ತಾರೆ. ಇದು ಸಣ್ಣ ಮಾತಲ್ಲ.

ನನ್ನ ಬೇಡಿಕೆ ಇಷ್ಟೇ. ಈ ತಪಾಸಣೆಯ ಎಕ್ಸ್‌ರೇಯನ್ನು ರೋಗಿಯ ಸ್ವಂತ ತಾಲ್ಲೂಕಿನಲ್ಲೇ ತೆಗೆಯಲಿ.

‘ಎಕ್ಸ್‌ರೇ ಎಲ್ಲಿ, ಸಿ.ಟಿ. ಎಲ್ಲಿ’ ಎಂದು ನಗುವವರಿದ್ದಾರೆ. ಮೊದಲ ಬಾರಿ ಕಾಯಿಲೆ ಪತ್ತೆಯಾದಾಗ ಎದೆಯ ಸಿ.ಟಿ. ಆಗಲೇಬೇಕು, ಒಪ್ಪಿದೆ. ಸಣ್ಣ ಚುಕ್ಕೆಯನ್ನು ಅದು ಹಿಡಿಯುವಂತೆ ನಮ್ಮ ಯಂತ್ರ ಹಿಡಿಯದು. ಆದರೆ ಆಪರೇಷನ್ ನಂತರದ ನಿಗಾ ಬೇರೆ ವಿಷಯ. ಇದನ್ನು ಪರೀಕ್ಷೆಗೆ ಒಡ್ಡಿದವರು ವಿದೇಶದವರಲ್ಲ, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು. ಕೈಕಾಲಿನ ಸಾರ್ಕೋಮಾಗೆ ಶಸ್ತ್ರಚಿಕಿತ್ಸೆಯಾದ 500 ಜನರನ್ನು 2006ರಿಂದ ಸೇರಿಸಿಕೊಳ್ಳುತ್ತಾ ಹೋಗಿ, ಕೆಲವರಿಗೆ ಎದೆಯ ಎಕ್ಸ್‌ರೇ, ಉಳಿದವರಿಗೆ ಸಿ.ಟಿ. ಎಂದು ಚೀಟಿ ಎತ್ತಿದಂತೆ ಹಂಚಿ ನೋಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ವರ್ಷದ ಹೊತ್ತಿಗೆ ಬದುಕಿದ್ದವರು ಎಕ್ಸ್‌ರೇ ಗುಂಪಿನಲ್ಲಿ ಶೇ 67, ಸಿ.ಟಿ. ಗುಂಪಿನಲ್ಲಿ ಶೇ 66. ಅದೇ ಅಧ್ಯಯನದಲ್ಲಿ, ಕೈಕಾಲಿನ ಹಳೆಯ ಜಾಗದಲ್ಲೇ ಮತ್ತೆ ಬಂದ ಗಡ್ಡೆಯನ್ನು ಬಹುಪಾಲು ಪತ್ತೆ ಮಾಡಿದವರು ರೋಗಿಗಳೇ, ತಮ್ಮ ಕೈಯಿಂದ ಮುಟ್ಟಿ ನೋಡಿ. ಎದೆಯನ್ನು ಹಾಗೆ ಮುಟ್ಟಿ ನೋಡಲಾಗದು, ಅದಕ್ಕೇ ಯಂತ್ರ ಬೇಕು. ಆ ಯಂತ್ರ ತಾಲ್ಲೂಕಿನಲ್ಲಿ ಇದೆ.

ಇದ್ದರೂ ಹಲವು ಕಡೆ ಕೇಳಿಬರುವ ಉತ್ತರ, ‘ನೀವು ನಮ್ಮ ರೋಗಿಯಲ್ಲ, ಆಪರೇಷನ್ ಎಲ್ಲಾಯಿತೋ ಅಲ್ಲಿಗೇ ಹೋಗಿ.’ ಈ ಒಂದು ವಾಕ್ಯವನ್ನು ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿ ನಿಲ್ಲಿಸಬಹುದು. ದೊಡ್ಡಾಸ್ಪತ್ರೆಯವರು ಬಿಡುಗಡೆಯ ಚೀಟಿಯಲ್ಲಿ, ಇಂಗ್ಲಿಷಿನ ಸಂಕ್ಷೇಪಾಕ್ಷರಗಳ ಕೆಳಗೆ, ಯಾವ ತಿಂಗಳು ಎದೆಯ ಎಕ್ಸ್‌ರೇ ಆಗಬೇಕು ಎಂದು ಕನ್ನಡದಲ್ಲಿ ಬರೆಯಲಿ. ತಾಲ್ಲೂಕಿನಲ್ಲಿ ತೆಗೆದ ಚಿತ್ರ ಅಲ್ಲಿಗೆ ತಲುಪಲಿ. ಈಗ ಎಲ್ಲವೂ ಕಂಪ್ಯೂಟರಿನಲ್ಲೇ ಬರುವುದರಿಂದ ಕಳಿಸಲು ಎಷ್ಟು ಹೊತ್ತು ಬೇಕು? ಅನುಮಾನ ಬಂದವರನ್ನು ಮಾತ್ರ ಸಿ.ಟಿ.ಗೆ ಕರೆಸಿಕೊಳ್ಳಲಿ.

ನನ್ನ ಕಸುಬಿನ ಕಿರಿಯರಿಗೂ ಒಂದು ಮಾತು. ಪೂರ್ತಿ ಉಸಿರು ಎಳೆಸದೆ ಗುಂಡಿ ಒತ್ತಬೇಡಿ. ಉಸಿರು ಅರ್ಧವಾದರೆ ವಪೆ, ಅಂದರೆ ಎದೆ ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ, ಮೇಲೇರಿ ಶ್ವಾಸಕೋಶದ ಕೆಳಭಾಗವನ್ನೇ ಮುಚ್ಚುತ್ತದೆ. ಈ ಗಂಟುಗಳು ಹೆಚ್ಚಾಗಿ ಅಡಗುವುದು ಅಲ್ಲೇ. ಹೃದಯದ ಹಿಂದೆ ಏನಿದೆಯೋ ತಿಳಿಯದಿದ್ದರೆ ಪಕ್ಕದಿಂದ ಇನ್ನೊಂದು ಚಿತ್ರ ತೆಗೆಯಬೇಕೇ ಎಂದು ಡಾಕ್ಟರನ್ನು ಕೇಳಿ.

ಮನೆಯವರು ಹಳೆಯ ಫಿಲ್ಮುಗಳನ್ನು ದಯವಿಟ್ಟು ಕಾಪಾಡಿ. ಹೊಸ ಚುಕ್ಕೆ ಹೊಸದೇ ಎಂದು ಗೊತ್ತಾಗುವುದು ಹಳೆಯದರ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ. ನಮ್ಮಲ್ಲಿ ಅವು ಅಟ್ಟದಲ್ಲಿ ಅಂಟಿಕೊಂಡು ಹಾಳಾಗುತ್ತವೆ, ಇಲ್ಲವೇ ಗ್ರಹಣದ ದಿನ ಮಕ್ಕಳ ಕೈ ಸೇರುತ್ತವೆ. ಅದರಿಂದ ಕಣ್ಣಿಗೂ ಕೇಡು.

ಸುತ್ತೋಲೆ ಹೊರಡಿಸಲು ಇಲಾಖೆಗೆ ಎಷ್ಟು ಕಾಲ ಬೇಕೋ ನನಗೆ ತಿಳಿಯದು. ಅಲ್ಲಿಯವರೆಗೆ ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗಳು ತಮ್ಮ ಮಟ್ಟದಲ್ಲೇ ಒಂದು ರಿಜಿಸ್ಟರ್ ತೆರೆಯಬಹುದು. ಒಂದು ತಾಲ್ಲೂಕಿನಲ್ಲಿ ಇಂಥ ರೋಗಿಗಳು ಬೆರಳೆಣಿಕೆಯಷ್ಟೇ ಇರುತ್ತಾರೆ, ಒಂದು ಪುಟ ಸಾಕು.

ಇತಿ,
ನಿವೃತ್ತ ಎಕ್ಸ್‌ರೇ ತಂತ್ರಜ್ಞ, ಹಾವೇರಿ