ಮಗಳಿಗೊಂದು ಪತ್ರ: ಟೂಲ್ ಆಮೇಲೆ, ನೆಲ ಮೊದಲು

ಪ್ರೀತಿಯ ಪುಟ್ಟಿ,

ಹಳೆ ಕಾರೊಂದನ್ನು ತಂದು ಮನೆಯಲ್ಲೇ ಬಿಚ್ಚಿ ಜೋಡಿಸಬೇಕೆನ್ನುವ ನಿನ್ನ ಹುಚ್ಚಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಅದಕ್ಕಾಗಿ ಕಟ್ಟಿಸುವ ಶೆಡ್ಡಿಗೆ ನೀನು ಕಳಿಸಿದ ಪಟ್ಟಿಯಲ್ಲಿ ಇರುವುದೆಲ್ಲ ಬರೀ ಟೂಲುಗಳು. ಟೂಲು ಇವತ್ತು ಇಲ್ಲದಿದ್ದರೆ ಮುಂದಿನ ತಿಂಗಳು ಕೊಳ್ಳಬಹುದು. ಕಾಂಕ್ರೀಟ್ ಬಿದ್ದ ಮೇಲೆ ನೆಲ, ಗಾರೆ ಆದ ಮೇಲೆ ವೈರಿಂಗು, ಸೂರು ಕೂತ ಮೇಲೆ ಎತ್ತರ, ಇವನ್ನು ಬದಲಾಯಿಸಬೇಕಾದರೆ ಒಡೆಯಲೇಬೇಕು. ಕೈಯಲ್ಲಿರುವ ದುಡ್ಡು ಮೊದಲು ಅಲ್ಲಿಗೆ ಹೋಗಲಿ.

ಜಾಗದ ಲೆಕ್ಕ ಹೀಗೆ. ಸಣ್ಣ ಕಾರು ಅಂದರೂ 13 ಅಡಿ ಉದ್ದ, ಐದೂಮುಕ್ಕಾಲು ಅಡಿ ಅಗಲ. ಬಾಗಿಲು ಪೂರ್ತಿ ತೆರೆಯಲು ಎರಡೂ ಪಕ್ಕ 3 ಅಡಿ, ಎಂಜಿನ್ ಎತ್ತುವ ಕ್ರೇನ್ ಮುಂದುಗಡೆ ಓಡಾಡಲು 5 ಅಡಿ, ಹಿಂದೆ 2 ಅಡಿ ಬಿಟ್ಟರೆ 20 ಅಡಿಗೆ 12 ಅಡಿ ಆಗಿಹೋಯಿತು. ಕೆಲಸದ ಮೇಜು ಇದರಲ್ಲಿ ಇನ್ನೂ ಬಂದಿಲ್ಲ. 22 ಅಡಿಗೆ 13 ಅಡಿ ಇದ್ದರೆ ಒಂದು ಕಾರಿಗೆ ಸಾಕು. ಇಷ್ಟಾದರೂ ಒಂದು ಮಾತು ನೆನಪಿರಲಿ: ಬಿಚ್ಚಿದ ಕಾರು ಜೋಡಿಸಿದ ಕಾರಿನ ಎರಡು ಮೂರು ಪಟ್ಟು ಜಾಗ ತಿನ್ನುತ್ತದೆ. ಸೀಟು, ಬಾಗಿಲು, ಬಾನೆಟ್, ಬಂಪರ್, ಡ್ಯಾಶ್‌ಬೋರ್ಡ್ ಎಲ್ಲ ಎಲ್ಲಾದರೂ ಕೂರಬೇಕಲ್ಲ. ಅದಕ್ಕೆ ನೆಲದಿಂದ 7 ಅಡಿ ಮೇಲೆ ಉದ್ದನೆಯ ಗೋಡೆಗೆ ಒಂದು ರ್‍ಯಾಕ್ ಹೊಡೆಸು. ಹಗುರವಾದ, ಅಗಲವಾದ ಸಾಮಾನು ಅಲ್ಲಿಗೆ. ಗೇರ್‌ಬಾಕ್ಸಿನಂಥ ಭಾರದ ಸಾಮಾನು ಯಾವತ್ತೂ ನೆಲದ ಮಟ್ಟದಲ್ಲೇ, ಗಾಲಿ ಇರುವ ಹಲಗೆಯ ಮೇಲೆ.

ಎತ್ತರದ ವಿಷಯ. ಕಾರು ಎತ್ತಿದಾಗ ಅದರ ಕೆಳಗೆ ನಿಂತು ಕೆಲಸ ಮಾಡಲು 6 ಅಡಿ ಬೇಕು, ಕಾರಿನದೇ ಎತ್ತರ ಹತ್ತಿರ ಹತ್ತಿರ 5 ಅಡಿ. ಅಂದರೆ ಎರಡು ಕಂಬದ ಲಿಫ್ಟ್ ಆಸೆ ಇದ್ದರೆ ಸೂರು 11 ಅಡಿಗಿಂತ ಮೇಲಿರಲೇಬೇಕು, 12 ಇದ್ದರೆ ನೆಮ್ಮದಿ. ಈಗ ಲಿಫ್ಟ್ ಬೇಡ ಅಂದರೂ ಎತ್ತರ ಕೊಟ್ಟಿಡು. ಲಿಫ್ಟ್ ಬದಲಿಗೆ ನೆಲದಲ್ಲಿ ಹೊಂಡ ತೋಡಿಸೋಣ ಅಂತ ಯಾರಾದರೂ ಹೇಳುತ್ತಾರೆ, ಒಪ್ಪಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಹರಿದುಬಂದು ಹೊಂಡದಲ್ಲೇ ನಿಲ್ಲುತ್ತದೆ. ಗಾಳಿಯಲ್ಲಿ ಅದು ಶೇಕಡಾ ಒಂದೂವರೆಯಷ್ಟು ಸೇರಿದ್ದರೂ ಒಂದು ಕಿಡಿ ಸಾಕು. ಆಗ ನೀನಿರುವುದು ಅದರೊಳಗೆ.

ಈಗ ನೆಲ. ಮಣ್ಣನ್ನು ಚೆನ್ನಾಗಿ ದಮ್ಮಸ್ಸು ಮಾಡಿಸಿ, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಪಾಲಿಥಿನ್ ಹಾಳೆ, ಆಮೇಲೆ ಕಬ್ಬಿಣದ ಜಾಲರಿ ಕೊಟ್ಟು 4 ಇಂಚು ಕಾಂಕ್ರೀಟ್. ಕಾರು ಮತ್ತು ಜಾಕಿಗೆ ಅಷ್ಟು ಸಾಕು. ಮುಂದೆ ಲಿಫ್ಟ್ ಕಂಬ ನಿಲ್ಲಿಸುವ ಜಾಗ ಈಗಲೇ ಗುರುತಿಸಿ ಅಲ್ಲಿ ಮಾತ್ರ 6 ಇಂಚು ಕೊಡಿಸು. ಆದರೆ ಕೊಳ್ಳುವ ಲಿಫ್ಟಿನ ಕೈಪಿಡಿ ಎಷ್ಟು ದಪ್ಪ, ಎಷ್ಟು ಗಟ್ಟಿ ಕೇಳುತ್ತದೋ ಅದೇ ಕೊನೆಯ ಮಾತು. ಪಾಲಿಥಿನ್ ಹಾಳೆಯನ್ನು ಕೆಲಸದವರು ಬೇಡ ಅಂತ ಬಿಟ್ಟುಬಿಡುವುದುಂಟು, ನೀನು ಬಿಡಬೇಡ. ಅದಿಲ್ಲದಿದ್ದರೆ ನೆಲದ ತೇವ ಮೇಲೇರಿ, ಕೆಳಗಿಟ್ಟ ಪ್ರತಿಯೊಂದು ಕಬ್ಬಿಣದ ಸಾಮಾನಿಗೂ ತುಕ್ಕು ಹಿಡಿಸುತ್ತದೆ. ಇಳಿಜಾರು ಬಾಗಿಲ ಕಡೆಗೆ 10 ಅಡಿಗೆ ಒಂದೂಕಾಲು ಇಂಚಿಗಿಂತ ಹೆಚ್ಚು ಬೇಡ. ನೀರು ಹೋಗಲು ಅಷ್ಟು ಸಾಕು, ಅದಕ್ಕಿಂತ ಜಾಸ್ತಿಯಾದರೆ ಜಾಕ್ ಸ್ಟ್ಯಾಂಡ್ (ಎತ್ತಿದ ಕಾರನ್ನು ಹೊರುವ ಕಬ್ಬಿಣದ ಕಾಲು) ಮೇಲಿನ ಕಾರು ಜಾರಲು ನೋಡುತ್ತದೆ.

ಟೈಲ್ಸ್ ಮಾತ್ರ ಖಂಡಿತ ಬೇಡ. 1,200 ಕಿಲೋ ಕಾರು ನಾಲ್ಕು ಸ್ಟ್ಯಾಂಡ್ ಮೇಲೆ ಕೂತರೆ ಒಂದೊಂದರ ಕಾಲಿಗೂ 300 ಕಿಲೋ ಬೀಳುತ್ತದೆ, ಎಂಜಿನ್ ಇರುವ ಕಡೆ ಇನ್ನೂ ಹೆಚ್ಚು. ಕೆಳಗೆ ಸ್ವಲ್ಪ ಟೊಳ್ಳಿದ್ದರೂ ಟೈಲ್ ಪಟ್ಟನೆ ಸೀಳುತ್ತದೆ. ಎಪಾಕ್ಸಿ ಎಂಬ ಗಟ್ಟಿ ಬಣ್ಣ ಬಳಿಸುವುದಾದರೆ ಬಳಿಸು, ಎಣ್ಣೆ ಒರೆಸಲು ಅದು ಸುಖ. ಆದರೆ ಕಾಂಕ್ರೀಟ್ ಹಾಕಿ 28 ದಿನವಾದರೂ ಆಗಿರಬೇಕು. ಒಂದೂವರೆ ಅಡಿ ಚೌಕದ ಪಾಲಿಥಿನ್ ತುಂಡನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ತೆಗೆದು ನೋಡು. ಒಳಗೆ ಹನಿ ಕಂಡರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಮೇಲಿನ ನಯವಾದ ಸಿಮೆಂಟ್ ಪದರವನ್ನು ಡಿಸ್ಕ್ ತಿರುಗುವ ಯಂತ್ರವಾದ ಗ್ರೈಂಡರ್‌ನಿಂದ ಉಜ್ಜಿ ತೆಗೆಯದೆ ಬಳಿದರೆ, ಓಡಿಸಿ ತಂದ ಕಾರಿನ ಬಿಸಿ ಟೈರು ಆ ಬಣ್ಣವನ್ನು ಹಪ್ಪಳದಂತೆ ಕಿತ್ತುಕೊಂಡು ಬರುತ್ತದೆ.

ವಿದ್ಯುತ್ತಿಗೆ ಮನೆಯ ಮುಖ್ಯ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ. ದೀಪ ಒಂದು ಸರ್ಕ್ಯೂಟ್, ಸಾಕೆಟ್‌ಗಳು ಇನ್ನೊಂದು, ಗಾಳಿ ಒತ್ತಿ ತುಂಬುವ ಕಂಪ್ರೆಸರ್‌ಗೆ ಅದರದೇ ಮೂರನೆಯದು. ದೀಪ ಬೇರೆ ಇರಬೇಕು ಏಕೆಂದರೆ ಗ್ರೈಂಡರ್ ತಿರುಗುತ್ತಿರುವಾಗ ಸರ್ಕ್ಯೂಟ್ ಟ್ರಿಪ್ ಆದರೆ ಕತ್ತಲಲ್ಲಿ ಇನ್ನೂ ಸುತ್ತುವ ಡಿಸ್ಕ್ ನಿನ್ನ ಕೈಯಲ್ಲಿರುತ್ತದೆ. ಸಾಕೆಟ್ ಸರ್ಕ್ಯೂಟಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಕಾಂಕ್ರೀಟ್ ಮೇಲೆ ಬೆವರಿದ ಬೆನ್ನು ಹಾಸಿ ಮಲಗಿ ಡ್ರಿಲ್ ಹಿಡಿದವಳಿಗೆ ಕರೆಂಟು ಮಿತಿ ಮೀರಿದರೆ ಮಾತ್ರ ಬೀಳುವ ಸಾಧಾರಣ ಎಂಸಿಬಿ ಸ್ವಿಚ್ಚಿನಿಂದ ರಕ್ಷಣೆ ಸಿಗುವುದಿಲ್ಲ, ಅದು ವೈರನ್ನು ಕಾಯುತ್ತದೆ, ಮನುಷ್ಯರನ್ನಲ್ಲ. ಸಾಕೆಟ್‌ಗಳೆಲ್ಲ ನೆಲದಿಂದ ಮೂರೂವರೆ ಅಡಿ ಮೇಲಿರಲಿ. ಮೇಜಿಗಿಂತ ಎತ್ತರ ಇದ್ದಂತಾಯಿತು, ನೆಲದಲ್ಲಿ ಹರಿಯುವ ಪೆಟ್ರೋಲ್ ಆವಿಯಿಂದಲೂ ದೂರ.

2 ಎಚ್‌ಪಿ ಕಂಪ್ರೆಸರ್ ಓಡುವಾಗ ಹತ್ತಿರ ಹತ್ತಿರ ಎರಡು ಕಿಲೋವ್ಯಾಟ್ ಎಳೆಯುತ್ತದೆ, ಆದರೆ ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಕರೆಂಟು ಐದಾರು ಪಟ್ಟು ಏರುತ್ತದೆ. ಹಾಗಾಗಿ ಬಿ ಟೈಪ್ ಎಂಸಿಬಿ ಸುಮ್ಮಸುಮ್ಮನೆ ಬೀಳುತ್ತದೆ, ಇಂಥ ಕ್ಷಣದ ಏರಿಕೆ ತಡೆಯುವ ಸಿ ಟೈಪ್ ಹಾಕಿಸು. ವೈರ್ 2.5 ಚದರ ಮಿಲಿಮೀಟರ್, ದೂರ ಜಾಸ್ತಿ ಇದ್ದರೆ 4. ಉದ್ದನೆಯ ತೆಳು ಎಕ್ಸ್‌ಟೆನ್ಶನ್ ವೈರಿಗೆ ಕಂಪ್ರೆಸರ್ ಸಿಕ್ಕಿಸಿದರೆ ವೋಲ್ಟೇಜ್ ಕುಸಿದು ಮೋಟಾರ್ ಗುಂಯ್‌ಗುಡುತ್ತ ನಿಲ್ಲುತ್ತದೆ, ಕಾಯಿಲ್ ಸುಡುತ್ತದೆ. ಎಕ್ಸ್‌ಟೆನ್ಶನ್ ಬಳಸಲೇಬೇಕಾದಾಗ ಸುರುಳಿ ಪೂರ್ತಿ ಬಿಚ್ಚು. ಸುತ್ತಿದ ಸುರುಳಿಯಲ್ಲಿ ಶಾಖ ಹೊರಗೆ ಹೋಗದೆ ಪ್ಲಾಸ್ಟಿಕ್ಕೇ ಕರಗುತ್ತದೆ.

ಗಾಳಿಯ ಪೈಪಿಗೆ ಪಿವಿಸಿ ಹಾಕಬೇಡ. ನೀರಿನ ಪೈಪು ಒಡೆದರೆ ಸೋರುತ್ತದೆ. ಒತ್ತಿದ ಗಾಳಿ ತುಂಬಿದ ಪಿವಿಸಿ ಒಡೆದರೆ ಚೂರುಗಳು ಸಿಡಿಯುತ್ತವೆ. ತಾಮ್ರ, ಅಲ್ಯೂಮಿನಿಯಂ ಅಥವಾ ಜಿಐ ಪೈಪು ಸರಿ. ಲೋಹದ ಪೈಪಿಗೆ ಇನ್ನೊಂದು ಲಾಭ: ಕಂಪ್ರೆಸರ್‌ನಿಂದ ಬಿಸಿಯಾಗಿ ಬಂದ ಗಾಳಿ ಅದರಲ್ಲಿ ತಣ್ಣಗಾಗಿ ತೇವ ನೀರಾಗಿ ಇಳಿಯುತ್ತದೆ. ಆ ನೀರು ಟೂಲಿಗೆ ಹೋಗದಿರಲು ಪೈಪು ಕೊನೆಯ ಕಡೆಗೆ ಸ್ವಲ್ಪ ಇಳಿಜಾರಾಗಿರಲಿ, ಕೊನೆಯಲ್ಲಿ ಒಂದು ನಲ್ಲಿ ಇರಲಿ, ಕವಲುಗಳನ್ನು ಪೈಪಿನ ಮೇಲ್ಮೈಯಿಂದ ತೆಗೆದು ಬಾಗಿಸಿ ಕೆಳಗಿಳಿಸು. ಟ್ಯಾಂಕಿನ ಅಡಿಯ ಡ್ರೈನ್ ದಿನಾ ಬಿಚ್ಚು, ಇಲ್ಲದಿದ್ದರೆ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿದು ತೆಳುವಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಗಾಳಿಯ ಬಲದಿಂದ ನಟ್ಟು ತಿರುಗಿಸುವ ಅರ್ಧ ಇಂಚಿನ ಇಂಪ್ಯಾಕ್ಟ್ ರೆಂಚಿಗೆ 90 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ 4-5 ಘನ ಅಡಿ ಗಾಳಿ ಸಾಕು. ಬಣ್ಣ ಹೊಡೆಯುವ ಗನ್ನಿಗೆ 10ಕ್ಕೂ ಹೆಚ್ಚು ಬೇಕಾಗುತ್ತದೆ, ಅದರ ಆಸೆಯಿಂದ ಈಗಲೇ ದೊಡ್ಡ ಕಂಪ್ರೆಸರ್ ಕೊಳ್ಳಬೇಡ.

ಬೆಳಕಿನಲ್ಲಿ ಎಲ್ಲರೂ ಮಾಡುವ ತಪ್ಪು, ಸೂರಿನ ನಡುವೆ ಒಂದು ಸಾಲು ಟ್ಯೂಬ್. ಬಾನೆಟ್ ಎತ್ತಿದ ಕೂಡಲೇ ಅದೇ ನೆರಳಾಗುತ್ತದೆ. ಕಾರಿನ ಎಡಕ್ಕೊಂದು, ಬಲಕ್ಕೊಂದು ಸಾಲು, ಮೇಜಿನ ಮೇಲೆ ಬೇರೆ. ನಿನ್ನ ಜಾಗಕ್ಕೆ 4 ಅಡಿಯ 20 ವ್ಯಾಟ್ ಎಲ್‌ಇಡಿ ಟ್ಯೂಬ್ 10ರಿಂದ 12 ಬೇಕು. ಜಾಸ್ತಿ ಅನ್ನಿಸುತ್ತದೆ, ಅಲ್ಲ. ಗೋಡೆಗೆ ಸೂರಿಗೆ ಬಿಳಿ ಬಳಿದುಬಿಡು, ಅದರಷ್ಟು ಅಗ್ಗದ ಬೆಳಕು ಬೇರಿಲ್ಲ.

ಮೇಜು ನಿನ್ನ ಮೊಣಕೈಗಿಂತ ನಾಲ್ಕು ಬೆರಳು ತಗ್ಗಿರಲಿ, ಗೋಡೆಗೆ ಬೋಲ್ಟ್ ಆಗಿರಲಿ. ಸಾಮಾನನ್ನು ಕಚ್ಚಿ ಹಿಡಿಯುವ 5 ಇಂಚಿನ ವೈಸನ್ನು ಮೇಜಿನ ಕಾಲು ಇರುವ ಜಾಗದ ಮೇಲೇ ಕೂರಿಸು, ಅದರ ಒಳಗಿನ ದವಡೆ ಮೇಜಿನಂಚಿನಿಂದ ಸ್ವಲ್ಪ ಹೊರಗೆ ಬರುವಂತೆ. ಆಗ ಉದ್ದನೆಯ ರಾಡನ್ನು ನೆಟ್ಟಗೆ ಹಿಡಿಸಬಹುದು.

ಇನ್ನು ಕಾರು ಎತ್ತುವುದು. ಈ ಭಾಗ ಎರಡು ಸಲ ಓದು. ಮೊದಲು, ನೆಲದಲ್ಲೇ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ವೆಡ್ಜ್ ಕೊಡು. ಹಿಂದುಗಡೆ ಎತ್ತುವಾಗ ಇದು ಇನ್ನೂ ಮುಖ್ಯ, ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಡಿಯುವುದು ಹಿಂದಿನ ಚಕ್ರವನ್ನೇ, ಅದು ಗಾಳಿಯಲ್ಲಿದ್ದರೆ ಬ್ರೇಕ್ ಇದ್ದೂ ಇಲ್ಲದಂತೆ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಕಾಲು ಸುತ್ತು ಸಡಿಲಿಸು. ಆಮೇಲೆ ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೇ ಟ್ರಾಲಿ ಜಾಕ್ ಕೊಡು. ಈ ಜಾಕಿನ ತೋಳು ಏರುವಾಗ ಕಮಾನಿನಂತೆ ಚಲಿಸುತ್ತದೆ, ಆದ್ದರಿಂದ ಜಾಕ್ ತಾನೇ ಒಂದಷ್ಟು ಉರುಳಬೇಕು. ಗಾಲಿಯ ಕೆಳಗೆ ಒಂದು ಜಲ್ಲಿಕಲ್ಲು ಸಿಕ್ಕಿದರೂ ಜಾಕ್ ಉರುಳದೆ ಅದರ ತಲೆ ಕಾರಿನ ಅಡಿಯಿಂದ ಜಾರುತ್ತದೆ. ಹಾಗಾಗಿ ಎತ್ತುವ ಮುಂಚೆ ಪೊರಕೆ ಹಿಡಿ.

ಎತ್ತಿದ ಮೇಲೆ 3 ಟನ್ ಜಾಕ್ ಸ್ಟ್ಯಾಂಡ್‌ಗಳನ್ನು ಜೋಡಿಯಾಗಿ ಇಟ್ಟು, ಕಾರನ್ನು ಪೂರ್ತಿ ಅವುಗಳ ಮೇಲೆ ಇಳಿಸು. ಆಮೇಲೆ ನಿಂತುಕೊಂಡೇ ಕಾರನ್ನು ಜೋರಾಗಿ ಅಲ್ಲಾಡಿಸು. ಬೀಳುವುದಿದ್ದರೆ ನೀನು ಹೊರಗಿರುವಾಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಕಾರಿನ ಬಾಗಿಲ ಕೆಳಗೆ ತಳ್ಳಿಡು, ಜಾಕನ್ನು ಮುಟ್ಟಿದಂತೆ ನಿಲ್ಲಿಸು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಯಾವ ಕಾರಣಕ್ಕೂ ಬೇಡ: ಅವು ಬಾಗಿ ಎಚ್ಚರಿಸುವುದಿಲ್ಲ, ಒಂದೇ ಸಲಕ್ಕೆ ಪುಡಿಯಾಗುತ್ತವೆ. ಬರೀ ಜಾಕ್ ಮೇಲಿರುವ ಕಾರಿನ ಕೆಳಗೆ ಕೈ ಕೂಡ ಹಾಕಬಾರದು, ಜಾಕಿನೊಳಗಿನ ಒಂದು ರಬ್ಬರ್ ಸೀಲ್ ಹರಿದರೆ ಮುಗಿಯಿತು. ಎಂಜಿನ್ ಕ್ರೇನಿನಲ್ಲಿ ಬರೆದ 2 ಟನ್ ಅನ್ನುವುದು ತೋಳು ಮೋಟಾಗಿರುವಾಗಿನ ಲೆಕ್ಕ. ಪೂರ್ತಿ ಚಾಚಿದರೆ ಅದೇ ಅರ್ಧ ಟನ್ನಿಗೆ ಇಳಿಯುತ್ತದೆ. ತೋಳಿನ ಒಂದೊಂದು ತೂತಿನ ಪಕ್ಕದಲ್ಲೂ ಅಂಕಿ ಬರೆದಿರುತ್ತದೆ, ನೋಡು. ಸೂರಿನ ತೊಲೆಗೆ ಚೈನ್ ಕಟ್ಟಿ ಎಂಜಿನ್ ಎತ್ತುವ ಸಾಹಸ ಬೇಡ.

ಈಗ ನಿನ್ನ ಟೂಲು. 8ರಿಂದ 19 ಮಿಲಿಮೀಟರ್ ಸ್ಪ್ಯಾನರ್, 8ರಿಂದ 24ರ ಸಾಕೆಟ್ (ವಿದ್ಯುತ್ತಿನದಲ್ಲ, ನಟ್ಟಿನ ಮೇಲೆ ಟೋಪಿಯಂತೆ ಕೂರುವ ಟೂಲು), ಅದೂ ಆರು ಮೂಲೆಯದು. ಹನ್ನೆರಡು ಮೂಲೆಯ ಸಾಕೆಟ್ ತುಕ್ಕು ಹಿಡಿದ ನಟ್ಟಿನ ಮೂಲೆ ಸವೆಸಿ ಉರುಟು ಮಾಡುತ್ತದೆ. 10 ಮಿಲಿಮೀಟರಿನದು ಎರಡು ಕೊಂಡಿಡು, ಕಳೆಯುವುದು ಅದೇ. ಎಷ್ಟು ಬಿಗಿ ಎಂದು ಅಳೆದು ತಿರುಗಿಸುವ ಟಾರ್ಕ್ ರೆಂಚ್ ಕೂಡ ಎರಡು, ಚಿಕ್ಕದು 5ರಿಂದ 25 ನ್ಯೂಟನ್ ಮೀಟರ್, ದೊಡ್ಡದು 40ರಿಂದ 200. 8.8 ಗಟ್ಟಿತನದ ದರ್ಜೆಯ ಸಾಧಾರಣ ಬೋಲ್ಟಿಗೆ ಎಂ6 (6 ಮಿಲಿಮೀಟರ್ ದಪ್ಪದ್ದು) ಆದರೆ ಸುಮಾರು 10, ಎಂ8 ಆದರೆ 25, ಎಂ10 ಆದರೆ 45-50. ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ಸರಿ. ಅಲ್ಯೂಮಿನಿಯಂನಲ್ಲಿ ಮರೆ (ಬೋಲ್ಟ್ ಕಚ್ಚುವ ಸುರುಳಿ ಗೆರೆ) ಕಿತ್ತುಹೋಗುವುದು ಬಹುಪಾಲು ಈ ಎಂ6ನ್ನು ದೊಡ್ಡ ರ್‍ಯಾಚೆಟ್ಟಿನಿಂದ ಬಿಗಿಯುವುದರಿಂದಲೇ. ಟಾರ್ಕ್ ರೆಂಚಿನಿಂದ ನಟ್ಟು ಬಿಚ್ಚಬೇಡ, ಕೆಲಸ ಮುಗಿದ ಮೇಲೆ ಅಳತೆಯನ್ನು ಅತಿ ಕಡಿಮೆಗೆ ಇಳಿಸಿಡು. ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಒತ್ತಡದಲ್ಲೇ ಉಳಿದು ಅಳತೆ ತಪ್ಪುತ್ತದೆ.

ಉಸಿರಿಗೆ ಸಂಬಂಧಿಸಿದ ಮೂರು ವಿಷಯ. ಒಂದು, ಬಾಗಿಲು ಮುಚ್ಚಿ ಎಂಜಿನ್ ಸ್ಟಾರ್ಟ್ ಮಾಡಬಾರದು, ಒಂದು ನಿಮಿಷಕ್ಕೂ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಅದರ ಅಲಾರಂ ಒಂದನ್ನು ಹಾಕಿಸು. ಎರಡು, ಹಳೆ ಕಾರಿನ ಬ್ರೇಕ್ ಶೂಗಳಲ್ಲಿ ಆಸ್‌ಬೆಸ್ಟಾಸ್ ಇರಬಹುದು, ಆ ಪುಡಿಗೆ ಗಾಳಿ ಹೊಡೆಯಬೇಡ. ಮಾಸ್ಕ್ ಹಾಕಿಕೊಂಡು ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಹಾಕು. ಮೂರನೆಯದು ಹಲವರಿಗೆ ಗೊತ್ತಿಲ್ಲ: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹಚ್ಚಿದ ಜಾಗಕ್ಕೆ ವೆಲ್ಡಿಂಗ್ ತಾಗಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಕ್ಲೋರಿನ್ ಇಲ್ಲದ ಕ್ಲೀನರನ್ನೇ ತಾ. ಅದು ಬೇಗ ಹೊತ್ತಿಕೊಳ್ಳುತ್ತದೆ, ಹಾಗಾಗಿ ಅದನ್ನೂ ಪೂರ್ತಿ ಆರಿಸಿಯೇ ವೆಲ್ಡಿಂಗ್.

6 ಕಿಲೋದ ಎಬಿಸಿ ಪೌಡರ್ ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಪಕ್ಕ ಇರಲಿ. ಮೇಜಿನ ಹತ್ತಿರ ಇಟ್ಟರೆ ಬೆಂಕಿಯನ್ನು ದಾಟಿ ಹೋಗಿ ತರಬೇಕಾಗುತ್ತದೆ. ಹಳೆ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಮೂರಕ್ಕೂ ಬೇರೆ ಬೇರೆ ಮುಚ್ಚಳದ ಕ್ಯಾನ್ ಇಡು. ಬೆರೆಸಿದರೆ ಮರುಬಳಕೆಗೆ ಯಾರೂ ತೆಗೆದುಕೊಳ್ಳುವುದಿಲ್ಲ. ಕೂಲಂಟ್ ಸಿಹಿ, ನಾಯಿ ನೆಕ್ಕಿದರೆ ಸಾಯುತ್ತದೆ, ಚೆಲ್ಲಿದ್ದನ್ನು ಕೂಡಲೇ ಒರೆಸು.

ಬಿಚ್ಚುವಾಗ ಒಂದೊಂದು ಭಾಗದ ಬೋಲ್ಟುಗಳಿಗೂ ಒಂದೊಂದು ಜಿಪ್ ಕವರ್, ಮೇಲೆ ಎಲ್ಲಿಯದು ಅಂತ ಬರಹ, ಬಿಚ್ಚುವ ಮುಂಚೆ ಫೋಟೋ. ಉದ್ದ ಬೇರೆ ಬೇರೆ ಇರುವ ಎಂಜಿನ್ನಿನ ಟೈಮಿಂಗ್ ಕವರಿನಂಥ ಮುಚ್ಚಳಗಳಿಗೆ ರಟ್ಟಿನ ಮೇಲೆ ಮುಚ್ಚಳದ ಆಕಾರ ಬರೆದು, ಅದೇ ಜಾಗದಲ್ಲಿ ತೂತು ಮಾಡಿ ಬೋಲ್ಟ್ ಚುಚ್ಚಿಡು. ಉದ್ದದ ಬೋಲ್ಟನ್ನು ಮೋಟು ತೂತಿಗೆ ಹಾಕಿ ತಿರುಗಿಸಿದರೆ ತಳ ತಾಗಿ ಎಂಜಿನ್ನಿನ ಬ್ಲಾಕೇ ಬಿರಿಯಬಹುದು.

ಶೆಡ್ಡಿನ ಅಳತೆ, ಬಾಗಿಲ ಅಗಲ, ಮುಖ್ಯ ಬೋರ್ಡಿನಿಂದ ಇರುವ ದೂರ ಇಷ್ಟನ್ನೂ ಬರೆದು ಕಳಿಸು. ವೈರಿನ ಗಾತ್ರ ಮತ್ತು ದೀಪದ ಸಾಲುಗಳನ್ನು ಗುರುತಿಸಿ ನಕ್ಷೆ ಹಾಕಿಕೊಡುತ್ತೇನೆ.

ಇಂತಿ,
ನಿನ್ನ ಅಪ್ಪ