ಹಳದಿ ತ್ರಿಕೋನ ತೋರಿಸಿದವರಿಗೆ

ನಮ್ಮ ಸಿಸ್ಟರ್‌ಗಳ ಮನೆಭೇಟಿ ಆ್ಯಪ್‌ಗೆ ಈ ವಾರ ಒಂದು ವರ್ಷ ತುಂಬಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಊರುಗಳಲ್ಲಿ ಹಾಸಿಗೆ ಹಿಡಿದವರ ಹೆಸರು, ಡ್ರೆಸಿಂಗ್ ದಿನ, ಕ್ಯಾಥೆಟರ್ ಬದಲಿಸುವ ದಿನ ಎಲ್ಲವೂ ಈಗ ಅದರಲ್ಲೇ ಇದೆ. ಲೆಕ್ಕಪತ್ರ ಬರೆದುಕೊಂಡಿದ್ದ ನನ್ನ ಕೈಲಿ, ಹೆಚ್ಚು ಕೋಡ್ ಬರೆಯದೆ ಆ್ಯಪ್ ಕಟ್ಟುವ ಮೈಕ್ರೋಸಾಫ್ಟ್‌ನ ಪವರ್ ಆ್ಯಪ್ಸ್‌ನಲ್ಲಿ ಇಷ್ಟು ಮಾಡಿಸಿದವರು ನೀವು. ಒಂದು ರೂಪಾಯಿ ತೆಗೆದುಕೊಳ್ಳದೆ, ನಿಮ್ಮ ಕೆಲಸ ಮುಗಿಸಿಕೊಂಡು ರಾತ್ರಿ ಕೂತು ಹೇಳಿಕೊಟ್ಟಿರಿ.

ಘಟ್ಟದಲ್ಲಿ ನೆಟ್‌ವರ್ಕ್ ಇಲ್ಲದಾಗ ಸಿಸ್ಟರ್ ಬರೆದದ್ದು ಕಳೆದುಹೋಗದಂತೆ ಅದನ್ನು ಫೋನಿನಲ್ಲೇ ಉಳಿಸಿ ಮತ್ತೆ ತೆಗೆಯುವ ಸೇವ್‌ಡೇಟಾ, ಲೋಡ್‌ಡೇಟಾ ಸೂತ್ರಗಳನ್ನು ಕಲಿಸಿದವರಿಗೆ, ಮಾಹಿತಿಯನ್ನೆಲ್ಲ ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಶೇರ್‌ಪಾಯಿಂಟ್ ಪಟ್ಟಿಯಲ್ಲೇ ಇಟ್ಟರೆ ಪ್ರೀಮಿಯಂ ಲೈಸೆನ್ಸ್ ಬೇಡ ಅಂತ ಹೇಳಿ ನಮ್ಮ ದುಡ್ಡು ಉಳಿಸಿದವರಿಗೆ, ಕೈಗವಸು ಹಾಕಿಕೊಂಡೂ ಒತ್ತುವಷ್ಟು ದೊಡ್ಡ ಬಟನ್ ಮಾಡಿ, ಎಲ್ಲಾ ಹೆಸರನ್ನೂ ಕನ್ನಡದಲ್ಲಿ ಕೂರಿಸಿದವರಿಗೆ ತುಂಬಾ ಧನ್ಯವಾದ.

ಇನ್ನು ನಿಮ್ಮಲ್ಲೇ ಒಬ್ಬರಾದ ಮೈಸೂರಿನ ಮೇಡಂ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಆದರೆ ಆಗಸ್ಟ್‌ನ ಆ ರಾತ್ರಿಯನ್ನು ಬರೆಯದೆ ಇರಲಾರೆ.

ಅವತ್ತು ಸಂಜೆ ಒಬ್ಬ ಮಗಳು ಫೋನ್ ಮಾಡಿದ್ದಳು. "ಸಿಸ್ಟರ್ ಬರದೆ ಮೂರು ವಾರ ಆಯ್ತು. ಅಮ್ಮನ ಬೆನ್ನಿನ ಗಾಯ ವಾಸನೆ ಬರ್ತಾ ಇದೆ" ಎಂದಳು. ಸಿಟ್ಟು ಮಾಡಲಿಲ್ಲ. ಸುಮ್ನೆ ಹೇಳಿದಳು. ಸಿಸ್ಟರ್ ಪಟ್ಟಿ ತೆಗೆದು ನೋಡಿದರೆ ಆ ಅಮ್ಮನ ಹೆಸರೇ ಇಲ್ಲ. ಶೇರ್‌ಪಾಯಿಂಟ್‌ನಲ್ಲಿ ಇದೆ, ಫೋನಿನಲ್ಲಿ ಇಲ್ಲ.

ಒಂಬತ್ತೂವರೆಗೆ ನಾನು ಗಾಬರಿಯಲ್ಲಿ ನಿಮಗೆಲ್ಲ ಬರೆದದ್ದನ್ನು ನೋಡಿ ಮೇಡಂ ಅವರೇ ಕರೆ ಮಾಡಿದರು. "ಏನನ್ನೂ ಮುಟ್ಟಬೇಡಿ, ಮೊದಲು ಇಡೀ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಿ" ಎಂದರು. ಆಮೇಲೆ ಕೇಳಿದರು: "ಸೂತ್ರದ ಪಕ್ಕ ಹಳದಿ ತ್ರಿಕೋನ ಕಾಣ್ತಾ ಇದೆಯಾ?"

ಕಾಣುತ್ತಿತ್ತು. ಮೊದಲ ದಿನದಿಂದ ಕಾಣುತ್ತಿತ್ತು. ನಲವತ್ತು ಹೆಸರು ಹಾಕಿ ಪರೀಕ್ಷೆ ಮಾಡಿದಾಗ ಎಲ್ಲ ಸರಿಯಾಗಿ ಬಂದಿದ್ದರಿಂದ ನಾನು ಅದರ ಕಡೆ ಗಮನ ಕೊಟ್ಟಿರಲಿಲ್ಲ.

ಕೊನೆಯ ಭೇಟಿಯಾಗಿ ಎಷ್ಟು ದಿನ ಆಯಿತು ಅಂತ ಒಬ್ಬೊಬ್ಬರಿಗೂ ಲೆಕ್ಕ ಹಾಕಿ ಹುಡುಕುವಂತೆ ಸೂತ್ರ ಬರೆದಿದ್ದೆ. ಆ ಲೆಕ್ಕವನ್ನು ಶೇರ್‌ಪಾಯಿಂಟ್‌ಗೆ ವಹಿಸಲು ಆಗುವುದಿಲ್ಲ, ಹಳದಿ ತ್ರಿಕೋನ ಎಚ್ಚರಿಸುತ್ತಿದ್ದುದು ಅದನ್ನೇ. ಆಗ ಪವರ್ ಆ್ಯಪ್ಸ್ ಮೊದಲ 500 ಸಾಲುಗಳನ್ನು ಮಾತ್ರ ಫೋನಿಗೆ ತಂದುಕೊಂಡು ಅಷ್ಟರಲ್ಲೇ ಹುಡುಕುತ್ತದೆ. 501ನೆಯವರು ಅದಕ್ಕೆ ಕಾಣುವುದೇ ಇಲ್ಲ. ಸಿಸ್ಟರ್‌ಗೆ ಯಾವ ಸೂಚನೆಯೂ ಬರುವುದಿಲ್ಲ. ಹಳೇ ರಿಜಿಸ್ಟರ್‌ಗಳನ್ನೆಲ್ಲ ಸೇರಿಸಿ ನಮ್ಮ ಪಟ್ಟಿ 500 ದಾಟಿದ್ದು ಜುಲೈನಲ್ಲಿ. ಅಂದರೆ ಆಮೇಲೆ ಹೊಸದಾಗಿ ಸೇರಿದ ಮನೆಗಳೇ ಬಿಟ್ಟುಹೋಗಿದ್ದವು. ಹೊಸ ಮನೆಗಳಿಗೇ ತಾನೇ ನಮ್ಮ ಅಗತ್ಯ ಜಾಸ್ತಿ, ಅಲ್ವಾ?

ಎರಡು ಗಂಟೆ ಹೊತ್ತಿಗೆ ನಾನು ಅತ್ತುಬಿಟ್ಟೆ. ಅಮ್ಮನ ಬೆನ್ನು ಕಣ್ಣ ಮುಂದೆ ಬರುತ್ತಿತ್ತು. "ನಿಮ್ಮ ತಪ್ಪಲ್ಲ ಬಿಡಿ" ಎಂದು ಮೇಡಂ ಹೇಳಲಿಲ್ಲ. ಹಾಗೆ ಹೇಳಿದ್ದರೆ ನಾನು ನಂಬುತ್ತಲೂ ಇರಲಿಲ್ಲ. ನಾನು ಅಳುವಷ್ಟು ಹೊತ್ತೂ ಲೈನ್‌ನಲ್ಲೇ ಇದ್ದರು. ಆಮೇಲೆ, "ಬೆಳಿಗ್ಗೆ ಮೊದಲ ಗಾಡಿ ಆ ಮನೆಗೆ ಹೋಗಲಿ. ಈಗ 501ರಿಂದ ಕೆಳಗಿನ ಹೆಸರು ಒಂದೊಂದಾಗಿ ಓದಿ" ಎಂದರು. ಓದಿದೆ. ಹೆಸರು, ಊರು, ಕೊನೆಯ ಭೇಟಿ. ಅವರು ಮೈಸೂರಿನಲ್ಲಿ ಬರೆದುಕೊಂಡರು. ಯಾರ ಮನೆಗೆ ಮೊದಲು, ಯಾರಿಗೆ ಎರಡು ದಿನ ಕಾದರೂ ಆದೀತು ಅಂತ ಇಬ್ಬರೂ ಸೇರಿ ಗುರುತು ಹಾಕಿದೆವು. ನಡುವೆ ಮಳೆಗೆ ಕರೆಂಟ್ ಹೋಯಿತು, ಲ್ಯಾಪ್‌ಟಾಪ್ ಆರಿತು. ಅವರು ಫೋನ್ ಇಡಲಿಲ್ಲ. ಮೇಣದಬತ್ತಿ ಹಚ್ಚಿಕೊಂಡು ರಿಜಿಸ್ಟರ್ ನೋಡಿ ಓದಿದೆ.

ಕರೆಂಟ್ ಬಂದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಆ 500 ಅನ್ನು 2000 ಮಾಡಿಸಿದರು. ಅದಕ್ಕಿಂತ ಮೇಲೆ ಹೋಗುವುದಿಲ್ಲ. "ಇದು ಬೆಳಿಗ್ಗೆಯ ಮಟ್ಟಿಗೆ ಮಾತ್ರ" ಎಂದು ಎರಡು ಸಲ ಹೇಳಿದರು. ನನ್ನ ಸ್ಕ್ರೀನ್ ಅವರ ಕೈಗೆ ಕೊಡುತ್ತೇನೆ ಎಂದಾಗ ಬೇಡ ಎಂದರು. "ನಾಳೆ ನಾನು ಸಿಗದೆ ಇರಬಹುದು. ನೀವೇ ಟೈಪ್ ಮಾಡಿ." ನಾಲ್ಕು ಗಂಟೆಗೆ ಸಿಸ್ಟರ್ ಫೋನಿನಲ್ಲಿ ಅಮ್ಮನ ಹೆಸರು ಬಂತು. ಬೆಳಿಗ್ಗೆ ಎಂಟಕ್ಕೆ ಮೇಡಂ ಡ್ಯೂಟಿಗೆ ಹೋದರು.

ಮುಂದಿನ ಭಾನುವಾರ ಪೂರ್ತಿ ಕೂತು ಸರಿಯಾದ ದಾರಿ ಕಲಿಸಿದರು. ಹುಡುಕುವಾಗ ಲೆಕ್ಕ ಹಾಕಬಾರದು, ಭೇಟಿ ಉಳಿಸುವಾಗಲೇ ಮುಂದಿನ ಭೇಟಿಯ ತಾರೀಖು ಹಾಕಿಡಬೇಕು. ಆಗ ಹುಡುಕುವ ಕೆಲಸ ಶೇರ್‌ಪಾಯಿಂಟ್ ತಾನೇ ಮಾಡುತ್ತದೆ. ಆ ಕಾಲಮ್‌ಗೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಹಾಕಿಸಿದರು, ಪಟ್ಟಿ 5000 ಸಾಲು ದಾಟಿದರೂ ತೊಂದರೆ ಆಗದಿರಲಿ ಅಂತ. ಇನ್ನೊಂದು ಉಪಾಯವನ್ನು ಹೊಸಬರೆಲ್ಲ ದಯವಿಟ್ಟು ಕಲಿಯಿರಿ. ಆ್ಯಪ್ ಕಟ್ಟುವಾಗ ಆ 500 ಇರುವ ಜಾಗದಲ್ಲಿ 1 ಎಂದು ಹಾಕಿ. ವಹಿಸಲಾಗದ ಸೂತ್ರ ಇದ್ದರೆ ಎರಡನೇ ಹೆಸರಿಗೇ ಸಿಕ್ಕಿಬೀಳುತ್ತದೆ. ಇದು ನನಗೆ ಮೊದಲೇ ಗೊತ್ತಿದ್ದರೆ ಆ ಅಮ್ಮ ಮೂರು ವಾರ ಕಾಯುತ್ತಿರಲಿಲ್ಲ.

ಅಮ್ಮನ ಗಾಯ ನಿಧಾನಕ್ಕೆ ಒಣಗಿತು. ಅಲ್ಲಿಂದ ಒಂದು ಭೇಟಿಯೂ ತಪ್ಪಲಿಲ್ಲ. ದೀಪಾವಳಿಗೆ ಎಂಟು ದಿನ ಇರುವಾಗ ತೀರಿಕೊಂಡರು, ಮಗಳ ಕೈ ಹಿಡಿದುಕೊಂಡೇ. ಅವರ ಹೆಸರನ್ನು ಅಳಿಸಬೇಕಾ ಅಂತ ಮೇಡಂ ಅವರನ್ನು ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಳಿಸಬೇಡಿ. ಸ್ಥಿತಿ ಅಂತ ಒಂದು ಕಾಲಮ್ ಮಾಡಿ" ಎಂದರು. ಕಳೆದ ವಾರ ಮಗಳು ಅಮ್ಮನಿಗೆ ನಾವು ಕೊಟ್ಟಿದ್ದ ಗಾಳಿಹಾಸಿಗೆಯನ್ನು ತೊಳೆದು, ಮಡಚಿ ತಂದುಕೊಟ್ಟಳು. ಅದೀಗ ಸಿದ್ದಾಪುರದ ಕಡೆ ಇನ್ನೊಂದು ಮನೆಯಲ್ಲಿದೆ.

ಮೇಡಂ, ನಿಮ್ಮನ್ನು ಇನ್ನೂ ಮುಖತಃ ನೋಡಿಲ್ಲ. ಆಲೆಮನೆ ಶುರುವಾದ ಮೇಲೆ ಶಿರಸಿಗೆ ಬನ್ನಿ. ಸಿಸ್ಟರ್‌ಗಳೆಲ್ಲ ಕೇಳುತ್ತಿದ್ದಾರೆ. ನಮ್ಮ ಮನೆಯಲ್ಲೇ ಉಳಿಯಿರಿ. ತೊಡದೇವು ಮಾಡಿಸಿ ಇಟ್ಟಿರುತ್ತೇನೆ.