ಕೆಂಬೂತದ ದನಿಗೆ ಯಾವ ಮೈಕ್?

ಶಿರಸಿ

ಚಿ. ಮೇಧಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಅಡಿಕೆಗೆ ಎರಡನೇ ಸಲದ ಔಷಧಿ ಹೊಡೆದಾಯಿತು. ಮಳೆ ಇನ್ನೂ ಬಿಟ್ಟಿಲ್ಲ.

ಕೆಂಬೂತ, ಕುಟ್ರುಹಕ್ಕಿಗಳ ಕೂಗು ರೆಕಾರ್ಡ್ ಮಾಡಲು, ದನಿಯನ್ನು ಒಟ್ಟುಮಾಡಿ ಮೈಕಿಗೆ ಕೊಡುವ ದೊಡ್ಡ ಡಿಶ್ ಕೊಳ್ಳುತ್ತೇನೆ ಎಂದು ಬರೆದಿದ್ದೀಯ. ತಂಗೀ, ದುಡ್ಡು ಕೊಡುವ ಮೊದಲು ಸ್ವಲ್ಪ ತಡಿ. ಡಿಶ್ ಕೆಟ್ಟದ್ದಲ್ಲ. ಸಣ್ಣ ದನಿಯ ಹಕ್ಕಿ ದೂರದ ಮರದ ತುದಿಯಲ್ಲಿ ಕೂತಿದ್ದರೆ ಅದೇ ಬೇಕು. ಆದರೆ ದನಿಯ ಅಲೆ ಡಿಶ್ಶಿಗಿಂತ ಉದ್ದವಾದರೆ ಅದರಿಂದ ಉಪಯೋಗ ಕಡಿಮೆ. 1,000 ಹರ್ಟ್ಸ್ ದನಿಯ ಅಲೆ ಸುಮಾರು 34 ಸೆಂ.ಮೀ., 400 ಹರ್ಟ್ಸಿನದು 85. ಕೆಂಬೂತ ಊಪ್ ಊಪ್ ಅನ್ನುವುದು ಅಂಥ ಕೆಳದನಿಯಲ್ಲೇ ಅಲ್ವಾ? 50 ಸೆಂ.ಮೀ. ಡಿಶ್ ಹಿಡಿದು ನಿಂತರೆ ಜೀರುಂಡೆ ಜೋರಾಗುತ್ತದೆ, ಕೆಂಬೂತದ ದನಿ ಇದ್ದಷ್ಟೇ ಇರುತ್ತದೆ. ಆ ಕೂಗನ್ನು ಅಳೆಯಲು ಕೂತರೆ ಡಿಶ್ಶಿನ ಗುಣವೂ ನಿನ್ನ ಲೆಕ್ಕದೊಳಗೆ ಸೇರಿಬಿಡುತ್ತದೆ.

ಒಳ್ಳೆಯ ಶಾಟ್‌ಗನ್ ಮೈಕ್ ತಗೋ, ಎದುರಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಉದ್ದ ಕೊಳವೆಯಂಥದ್ದು. ಅದೂ ಕೆಳದನಿಯನ್ನು ದೂರದಿಂದ ಎಳೆದು ತರುವುದಿಲ್ಲ, ಆದರೆ ಡಿಶ್ಶಿನಷ್ಟು ಏರುಪೇರು ಮಾಡುವುದಿಲ್ಲ. ಮೈಕಿನದೇ ಒಂದು ಸಣ್ಣ ಸುಯ್ ಸದ್ದು ಇರುತ್ತದೆ, ಸೆಲ್ಫ್ ನಾಯ್ಸ್ ಅನ್ನುತ್ತಾರೆ. ಅದು 15 ಡೆಸಿಬೆಲ್ ಒಳಗಿರಲಿ. ಅಂಗಡಿಯವರು ಹೇಳದಿದ್ದರೆ ಡಬ್ಬಿಯ ಜೊತೆ ಬರುವ ಚೀಟಿ ನೋಡು. ಗಾಳಿಗೆ ತುಪ್ಪಳದ ಕವಚವನ್ನೂ ಒಟ್ಟಿಗೇ ಕೊಂಡುಬಿಡು.

ರೆಕಾರ್ಡರ್ ತೀರಾ ದುಬಾರಿಯದು ಬೇಡ. ಅದು ಮೈಕಿಗೆ 48 ವೋಲ್ಟ್ ಕೊಡಬೇಕು. 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲ್ ಬರೆಯಬೇಕು, ಎಂಪಿ3 ಬೇಡ. ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ, ಕಾರ್ಡ್ ಜಾಸ್ತಿ ಇಟ್ಟುಕೋ.

ಮುಖ್ಯವಾಗಿ ಆಟೋ ಲೆವೆಲ್, ಅಂದರೆ ರೆಕಾರ್ಡರ್ ತಾನೇ ದನಿಯನ್ನು ಏರಿಸಿ ಇಳಿಸುವುದು, ಅದನ್ನು ಆಫ್ ಮಾಡಲು ಬರಬೇಕು. ಶಾಲ್ಮಲೆಯ ದಂಡೆಯಲ್ಲಿ ಎರಡು ವಾರ ಬೆಳಗಿನ ಜಾವ ಕೂತು ನಾನು ಸಿಳ್ಳಾರನ ಹಾಡು ಹಿಡಿದಿದ್ದೆ. ಮನೆಗೆ ಬಂದು ಕೇಳಿದರೆ ಹಕ್ಕಿ ಸುಮ್ಮನಾದ ಕೂಡಲೇ ಹೊಳೆ ಉಕ್ಕಿ ಬಂದ ಹಾಗೆ ಸದ್ದು. ಮತ್ತೆ ಸಿಳ್ಳೆ ಶುರುವಾದರೆ ಹೊಳೆ ಇಳಿಯುತ್ತದೆ, ಜೊತೆಗೆ ಸಿಳ್ಳೆಯೂ ಕುಗ್ಗುತ್ತದೆ. ಯಾವ ಸಿಳ್ಳೆ ನಿಜಕ್ಕೂ ಎಷ್ಟು ಜೋರು ಎಂದು ಹೇಳುವ ಹಾಗೇ ಇರಲಿಲ್ಲ. ಆ ಬೆಳಗುಗಳು ಹೋದದ್ದು ನನಗೆ ಇವತ್ತಿಗೂ ಬೇಸರ.

ನಮ್ಮ ಮಳೆಗಾಲದ ಥಂಡಿಗೆ ಮೈಕಿನೊಳಗೆ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಚಟಪಟ ಶುರುವಾಗುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡು.

ಇಷ್ಟೆಲ್ಲ ಇದ್ದರೂ ಹತ್ತಿರ ಹೋಗಲೇಬೇಕು. 20 ಮೀಟರ್ ದೂರದಲ್ಲಿದ್ದವಳು 10ಕ್ಕೆ ಬಂದರೆ ಕೂಗು 6 ಡೆಸಿಬೆಲ್ ಏರುತ್ತದೆ. ಮೆಲ್ಲಗೆ ಹೋಗು, ಹಕ್ಕಿಗೆ ಗಾಬರಿಯಾದರೆ ಹಿಂದೆ ಬಾ. ಪ್ರತಿ ರೆಕಾರ್ಡಿಂಗಿನ ಕೊನೆಗೆ ತಾರೀಕು, ಹೊತ್ತು, ಜಾಗ ಬಾಯಲ್ಲೇ ಹೇಳಿಬಿಡು.

ನವರಾತ್ರಿ ರಜೆಗೆ ಬಾ. ಏನೂ ಕೊಳ್ಳದೇ ಬಾ. ಹೆಡ್‌ಫೋನ್ ಒಂದು ತಂದರೆ ಸಾಕು, ನನ್ನ ಹಳೆಯ ಮೈಕ್ ಇದೆ. ತೋಟದ ದರೆಯ ಮೇಲಿನ ಮಟ್ಟಿಯಲ್ಲಿ ಕೆಂಬೂತ ದಿನಾ ಬೆಳಗ್ಗೆ ಕೂಗುತ್ತಿದೆ.

ಇತಿ,
ನಿನ್ನ ಸೋದರಮಾವ